ಮೊಂಬಾಸದ ಸೆಕೆ ಯಾರಿಗೆ ಬೇಕು

ಸೋಮವಾರಪೇಟೆ, ೯ ಜನವರಿ ೧೯೩೬, ಗುರುವಾರ

ರಜೆ ಮುಗಿಸಿ ಆಫ್ರಿಕಾಕ್ಕೆ ಮರಳಿದ ಮೇಲೆ ಚಳಿಯ ನೈರೋಬಿ ಬೇಡ, ಸೆಕೆಯ ಮೊಂಬಾಸದಲ್ಲಿರೋಣ ಎಂದು ಇವರೊಬ್ಬರೇ ತೀರ್ಮಾನಿಸಿದ್ದಾರೆ. ನನಗೆ ತಿಳಿದದ್ದು ಅತ್ತೆಯಿಂದ, ರೊಟ್ಟಿ ತಟ್ಟುವಾಗ.

"ನಿನ್ನ ಮಂಡಿನೋವಿಗೆ ಸೆಕೆಯೇ ವಾಸಿಯಂತೆ. ಹೆಂಡತೀನ ಇಷ್ಟು ನೋಡ್ಕೊಳ್ಳೋನು ಯಾರಿದಾನೆ? ಪುಣ್ಯವಂತೆ ಕಣೇ!"

ಮಂಡಿನೋವು ಇವರದು. ನೈರೋಬಿಯ ಶಾಲೆಯಲ್ಲಿ ನಾನು ಪಾಠ ಹೇಳುವ ಕೆಲಸ ತಪ್ಪಿಸಿದ್ದಲ್ಲದೆ, ನೋವನ್ನೂ ನನ್ನ ತಲೆಗೇ ಕಟ್ಟಿದ್ದಾರೆ.

ಕೇಳಿದ್ದಕ್ಕೆ ನಕ್ಕರು. "ಅವ್ವನ ಮುಂದೆ ನಂಗೆ ವಯಸ್ಸಾಯ್ತು ಅನ್ನಕ್ಕಾಗುತ್ತೇನೇ?"

ನನ್ನನ್ನೇ ನೇರವಾಗಿ ಕೇಳಿದ್ದರೆ ಒಪ್ಪುತ್ತಿದ್ದೆನೇ? ಬಹುಶಃ ಒಪ್ಪುತ್ತಿದ್ದೆ. ಸಿಟ್ಟು ಇಳಿಯದಿರುವುದು ಅದಕ್ಕೇ.

ಅತ್ತೆ ನನ್ನ ಮಂಡಿಗೆಂದು ಎಣ್ಣೆ ಕಾಯಿಸಿ ಕೊಟ್ಟು ಹೋಗಿದ್ದಾರೆ. ಇವರು ಮಂಚದ ಮೇಲೆ ಕಾಲು ಹಿಡಿದುಕೊಂಡು ನರಳುತ್ತಿದ್ದಾರೆ. ಬಟ್ಟಲು ನನ್ನ ಕೈಗೆಟಕುವಲ್ಲೇ ಇದೆ.

ಆರಲಿ. ನಾನು ಏಳುವುದಿಲ್ಲ.