ಜಗಲಿಗೇರಿದ ಎತ್ತು

ಚಿಂಚೋಳಿ, 23 ಜೂನ್ 1938, ಗುರುವಾರ

ಇವತ್ತೂ ಕಾಂತಿ ಕೂದಲು ಕಿತ್ತುಕೊಂಡಳು. ಬಲಗಡೆ ಅಂಗೈಯಗಲ ಬೋಳಾಗಿದೆ. ತಾಯಿ ಸತ್ತಾಗಿನಿಂದ ಇದೇ ಹಾಡು. ಐದು ವರ್ಷದ ಕೂಸು, ಅಳುವುದಿಲ್ಲ, ಬರೀ ಕೀಳುತ್ತಾಳೆ. ಅವ್ವ ಹಳೇ ಸೀರೆ ಹರಿದು ಮೊಮ್ಮಗಳ ಎರಡೂ ಕೈ ಕಟ್ಟಿದ್ದಳು. ಕೈ ಕಟ್ಟೋದಂತೆ! ಬಿಚ್ಚಿ ಒಲೆಗೆ ಹಾಕಿದೆ. ಅಣ್ಣ ಕಲ್ಯಾಣಪ್ಪ, ಹೆತ್ತ ತಂದೆ, ನೋಡಿಯೂ ನೋಡದ ಹಾಗೆ ಕಚೇರಿಗೆ ನಡೆದ.

ಮಧ್ಯಾಹ್ನ ಹಳ್ಳಕ್ಕೆ ಕರೆದುಕೊಂಡು ಹೋದೆ. ಎರೆಮಣ್ಣು ಕಲಸಿ ಕೊಟ್ಟೆ. ಹೊತ್ತು ಮುಳುಗುವ ತನಕ ಕೈ ತಲೆಗೆ ಹೋಗಲಿಲ್ಲ. ಒಮ್ಮೆಯೂ ಇಲ್ಲ.

25 ಜೂನ್

ಮತ್ತೆ ಹಳ್ಳ. ಮಣ್ಣಿನ ಒಲೆ, ಮುತ್ತಲ ಎಲೆಯ ರೊಟ್ಟಿ. ಬಂಡೆಯ ಮೇಲೆ ಕೆಸರಿನಿಂದ ಏನೋ ಬರೆದಳು. ಏನೆಂದು ಕೇಳಲಿಲ್ಲ. ಕೇಳಬಾರದು.

27 ಜೂನ್, ಸೋಮವಾರ. ಮಣ್ಣೆತ್ತಿನ ಅಮಾಸಿ

ಕಾಂತಿ ಎತ್ತು ಮಾಡಿದಳು. ಮೂರೇ ಕಾಲು, ಗುಲಗಂಜಿ ಕಣ್ಣು. ಪೂಜೆಗೆ ಅದನ್ನೇ ದೇವರ ಜಗಲಿಯ ಮೇಲಿಟ್ಟೆ. ಸಂಜೆ ಮಳೆ ಬಂತು. ಎಷ್ಟು ದಿನದಿಂದ ಕಾದ ಮಳೆ!

29 ಜೂನ್

ಮಳೆ ತಂದದ್ದು ಆ ಎತ್ತಂತೆ. ಓಣಿಯವರೆಲ್ಲ ಕಾಯಿ ಹಿಡಿದು ಬರುತ್ತಿದ್ದಾರೆ. ಕಾಂತಿ ಎತ್ತಿಗೆ ಕೈ ಚಾಚಿದಳು. "ನಂದದ… ನಾ ಮಾಡೀನಿ."

ಅವ್ವ ಕೆನ್ನೆಗೆ ಹೊಡೆದಳು. "ಮೈಲಿಗಿ ಕೈಲೆ ಮುಟ್ಟತಿ? ಅದೀಗ ನಿನ್ನ ಎತ್ತಲ್ಲ, ಬಸವಣ್ಣ. ಕೈ ಮುಗಿ!"

ಮೈಯೆಲ್ಲ ಉರಿಯಿತು. ನಾನೇ ಅಲ್ಲವೇ ಜಗಲಿಗೆ ಏರಿಸಿದವಳು…

9 ಜುಲೈ

ಹಳ್ಳಕ್ಕೂ ಹೋಗುವಂತಿಲ್ಲ. ದೇವರನ್ನು ಮಾಡಿದ ಕೈ ಕೆಸರು ಮುಟ್ಟಬಾರದಂತೆ. ಬೆಳಗ್ಗೆ ಹಾಸಿಗೆ ತುಂಬ ಕೂದಲು.

ಅಣ್ಣನಿಗೆ ಹೇಳಿದೆ. ಅವನೆಂದ, "ಊರ ಮಂದಿ ಭಕ್ತಿಲಿಂದ ಬರ್ಲಿಕತ್ತಾರ. ನೀ ಒಬ್ಬಾಕಿ ಯಾಕ ಜಿದ್ದು ಮಾಡ್ತಿ, ನೀಲಾ?"

"ನಿನ್ನ ಮಗಳ ತಲಿ ನೋಡೀಯೇನು?"

"ದೇವರೇ ಮನಿಗಿ ಬಂದಾನ. ಕೂದಲೇನು, ಬೆಳೀತಾವ ಬಿಡು."

ಬೆಳೀತಾವಂತೆ! ಥೂ.

11 ಜುಲೈ, ಸೋಮವಾರ

ಜಗಲಿಯ ಮುಂದೆ ಮಂದಿ ಕಿಕ್ಕಿರಿದಿತ್ತು. ನುಗ್ಗಿ ಎತ್ತು ತೆಗೆದುಕೊಂಡೆ. ಅವ್ವ ಎದೆ ಬಡಿದುಕೊಂಡಳು. ಅಣ್ಣ ರಟ್ಟೆ ಹಿಡಿದ, ಕೊಸರಿಕೊಂಡೆ. ಕಾಂತಿಯನ್ನು ಎಳೆದುಕೊಂಡು ಕೋಣೆ ಸೇರಿ ಅಗಳಿ ಹಾಕಿದೆ. ಹೊರಗೆ ಈಗಲೂ ಬಾಗಿಲು ಬಡಿಯುತ್ತಿದ್ದಾರೆ. ಬಡಿಯಲಿ.

"ತಗೋ ಕೂಸ. ನಿಂದೇ ಇದು. ಆಡು."

ಕಾಂತಿ ಹಿಂದೆ ಸರಿದಳು. ಮೊಣಕಾಲೂರಿ ಕೈ ಮುಗಿದಳು.

ಎತ್ತನ್ನು ಪಕ್ಕಕ್ಕಿಟ್ಟೆ. ಮೂಲೆಯಲ್ಲಿ ಒಲೆ ಮೆತ್ತಲು ಕಲಸಿಟ್ಟ ಮಣ್ಣಿತ್ತು. ಒಂದು ಮುದ್ದೆ ತೆಗೆದು ಮುಂದಿಟ್ಟೆ. ಬರೀ ಮಣ್ಣು, ಕಣ್ಣಿಲ್ಲ, ಕಾಲಿಲ್ಲ.

ಅದಕ್ಕೂ ಕೈ ಮುಗಿದಳು. ಆಮೇಲೆ ಆ ಕೈ ಮೆಲ್ಲಗೆ ಮೇಲೆ, ತಲೆಯ ಕಡೆಗೆ—