ಪಂಕ್ತಿ ಗೆದ್ದ ಪಂದ್ಯ

ಕಿಂಗ್ಸ್‌ಬರಿ, ಲಂಡನ್
ಸೋಮವಾರ, 17 ಮಾರ್ಚ್ 2025

ಪ್ರೀತಿಯ ಗೌತಮಿ,

ಹೇಗಿದ್ದೀ ಮಗಳೇ? ಮೊಣಕಾಲಿನ ಬಾವು ಪೂರ್ತಿ ಇಳಿಯಿತೇ? ಮೆಟ್ಟಿಲು ಇಳಿಯುವಾಗ ಇನ್ನೂ ಗೋಡೆ ಹಿಡಿಯುತ್ತೀಯಾ? ಧಾರವಾಡದ ಬಿಸಿಲು ಈಗಾಗಲೇ ಜೋರಾಗಿರಬೇಕು, ನೀರು ಚೆನ್ನಾಗಿ ಕುಡಿ. ನಿನ್ನ ಪಾರ್ವತೆವ್ವ ಅತ್ತೆ ರೊಟ್ಟಿಗೆ ಎಷ್ಟು ಬೆಣ್ಣೆ ಹಾಕುತ್ತಿದ್ದಾಳೆ ಎಂದು ಮಾತ್ರ ಕೇಳುವುದಿಲ್ಲ. ಕಳೆದ ವಾರ ವಿಡಿಯೋ ಕಾಲ್‌ನಲ್ಲಿ ನಿನ್ನ ಗಲ್ಲವೇ ಉತ್ತರ ಕೊಟ್ಟಿತು. ಇಲ್ಲಿ ನಾವಿಬ್ಬರೂ ಕ್ಷೇಮ. ಅಮ್ಮನ ಬೆನ್ನುನೋವು ಯಥಾಪ್ರಕಾರ, ಕೆಲಸ ಹೇಳಿದಾಗ ಬರುತ್ತದೆ, ಶಾಪಿಂಗ್ ಅಂದಾಗ ಹೋಗುತ್ತದೆ. ನನ್ನ ಬಿಪಿ ನಿನ್ನೆ ಮಧ್ಯಾಹ್ನದ ತನಕ ಸರಿಯಾಗಿಯೇ ಇತ್ತು. ಆಮೇಲೆ ಯಾಕೆ ಏರಿತು ಎಂದು ಹೇಳುವುದಕ್ಕೇ ಈ ಕಾಗದ.

ನಿನ್ನ ಕಾಗದ ಶುಕ್ರವಾರ ಬಂತು. ಹುಟ್ಟಿ ಇಪ್ಪತ್ತೊಂದು ವರ್ಷಕ್ಕೆ ನೀನು ಬರೆದ ಮೊದಲ ಕನ್ನಡ ಕಾಗದ. ಒತ್ತಕ್ಷರಗಳು ಪೆನಾಲ್ಟಿ ಬಾಕ್ಸಿನಲ್ಲಿ ಬಿದ್ದ ಡಿಫೆಂಡರುಗಳ ಹಾಗೆ ಒಂದರ ಮೇಲೊಂದು ಬಿದ್ದಿದ್ದರೂ ಓದಲಿಕ್ಕೆ ಬಂತು. ಎರಡು ತಿಂಗಳಲ್ಲಿ ಇಷ್ಟು ಕಲಿಸಿದ ನಮ್ಮಕ್ಕನಿಗೆ ನಮಸ್ಕಾರ. ನಾನು ಇಷ್ಟು ವರ್ಷ ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬೈಸಿಕೊಂಡದ್ದೇ ಬಂತು. ಅಮ್ಮ ಅದನ್ನು ಫ್ರಿಜ್ಜಿನ ಮೇಲೆ, ಕೌನ್ಸಿಲ್‌ನವರ ಕಸದ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದ್ದಾಳೆ. ಹಾಲು ತೆಗೆಯಲು ಹೋದಾಗಲೆಲ್ಲ ಓದುತ್ತಾಳೆ. ಕೊನೆಯ ಮೂರು ಸಾಲು ಬಂದಾಗ ಫ್ರಿಜ್ಜಿನ ಬಾಗಿಲು ಸ್ವಲ್ಪ ಜೋರಾಗಿ ಹಾಕುತ್ತಾಳೆ. "ನಡೀಲಿಕ್ಕೆ ಇಷ್ಟು ಕಾಲು ಸಾಕು. ಏಪ್ರಿಲಿಂದ ಫಿಸಿಯೋ ಬಿಡ್ತೀನಿ. ಬೂಟು ಇಲ್ಲಿ ಸಾಲಿ ಮಕ್ಕಳಿಗೆ ಕೊಟ್ಟುಬಿಡ್ತೀನಿ." ಆ ಸಾಲುಗಳಿಗೆ ಆಮೇಲೆ ಬರುತ್ತೇನೆ. ಮೊದಲು ಪಂದ್ಯ.

ಹೌದು, ಪಂದ್ಯ. ಫುಟ್‌ಬಾಲಿನ 'ಫು' ಅಂದರೂ ಫೋನ್ ಇಡುತ್ತೇನೆಂದು ನೀನು ಕಾನೂನು ಮಾಡಿದ್ದೀ, ಎರಡು ಸಲ ಇಟ್ಟೂ ಇದ್ದೀ. ಕಾಗದಕ್ಕೆ ಆ ಕೆಂಪು ಗುಂಡಿ ಇಲ್ಲ. ಮೇಲಾಗಿ ಇದನ್ನು ನಿನಗೆ ಓದಿ ಹೇಳುವವಳು ನಮ್ಮಕ್ಕ. ಅವಳು ಓದಲು ಕೂತರೆ ಅಡುಗೆಮನೆಯಲ್ಲಿ ಅಡಗಿದರೂ ಕೇಳಿಸುತ್ತದೆ, ಎದುರುಮನೆಯಲ್ಲಿ ಅಡಗಿದರೂ ಕೇಳಿಸುತ್ತದೆ. ಸುಮ್ಮನೆ ಕೂತು ಕೇಳು.

ನಿನ್ನೆ ನಿನ್ನ ತಂಡ ಫೆಲ್ಥಮ್‌ನವರನ್ನು ಎರಡು-ಒಂದರಿಂದ ಸೋಲಿಸಿತು. ಕಪ್ಪಿನ ಕ್ವಾರ್ಟರ್ ಫೈನಲ್. ಕನ್ನಡದಲ್ಲಿ ಕಾಲು ಫೈನಲ್ ಅನ್ನಬೇಕು, ಕಾಲಿನ ಆಟಕ್ಕೆ ಅದೇ ಸರಿಯಾದ ಹೆಸರು. ಮುಂದಿನದು ಅರೆ ಫೈನಲ್. ಕೋಚ್ ಲೋಕೇಶ ಆಗಲೇ ಅರೆಹುಚ್ಚನಾಗಿದ್ದಾನೆ. ಪಾಪ, ಅವನು ಇರುವುದು ಫೆಲ್ಥಮ್‌ನಲ್ಲಿ, ಕೆಲಸ ವಿಮಾನ ನಿಲ್ದಾಣದ ಲಗೇಜ್ ವಿಭಾಗದಲ್ಲಿ. ಎದುರು ತಂಡದ ಅರ್ಧ ಹುಡುಗಿಯರು ಅವನ ಜೊತೆ ಶಿಫ್ಟ್ ಮಾಡುವವರು. ಈವತ್ತು ಬೆಳಿಗ್ಗೆ ಡ್ಯೂಟಿಗೆ ಹೋದವನಿಗೆ ಯಾರೂ ಚಹಾ ಕೊಡಲಿಲ್ಲವಂತೆ.

ಪಂದ್ಯಕ್ಕೆ ನಾನು ಹೋಗಿದ್ದೆ ಎಂದರೆ ನೀನು ನಂಬುವುದಿಲ್ಲ. ನಿನ್ನ ಅಮ್ಮನೂ ನಂಬಲಿಲ್ಲ. "ಮಗಳು ಆಡುವಾಗ ಕಾರಲ್ಲಿ ಕೂತು ಪೇಪರ್ ಓದ್ತಿದ್ರಿ. ಈಗ ಅವಳಿಲ್ಲ, ನೀವು ಛತ್ರಿ ಹಿಡ್ಕೊಂಡು ಲೈನಲ್ಲಿ ನಿಂತಿದ್ದೀರಿ. ಏನ್ರೀ ಸಮಾಚಾರ?" ಎಂದಳು. ಸಮಾಚಾರ ಹೇಳಲಿಲ್ಲ. ಜನವರಿಯಿಂದ ಒಂದು ಪಂದ್ಯವನ್ನೂ ತಪ್ಪಿಸಿಲ್ಲ. ಆಫ್‌ಸೈಡ್ ಏನೆಂಬುದು ಫೆಬ್ರವರಿ ಮಧ್ಯದಲ್ಲಿ ಅರ್ಥವಾಯಿತು, ಮಾರ್ಚ್ ಮೊದಲ ವಾರದಲ್ಲಿ ಮರೆತುಹೋಯಿತು. ಆದರೂ ಮೂವತ್ತು ವರ್ಷ ಎಕ್ಸ್‌ರೇ, ಸ್ಕ್ಯಾನ್ ಓದಿದ ಕಣ್ಣು. ಎಲ್ಲಿ ನೆರಳು, ಎಲ್ಲಿ ಬಿರುಕು ಎಂದು ಹೇಳಬಲ್ಲೆ. ಆದ್ದರಿಂದ ಇದು ತಜ್ಞರ ವಿಶ್ಲೇಷಣೆ ಎಂದೇ ತಿಳಿ.

ಮೊದಲರ್ಧದಲ್ಲಿ ನಮಗೆ ಗೋಲಿರಲಿಲ್ಲ, ಗೋಳಿತ್ತು. ಹನ್ನೊಂದನೆಯ ನಿಮಿಷಕ್ಕೆ ಅವರ ಕಾರ್ನರ್, ಪ್ರತೀಕ್ಷಾ ಗುದ್ದಲು ಹೋದ ಚೆಂಡು ಅವಳ ಮುಷ್ಟಿಯ ಹಿಂಬದಿಗೆ ತಗುಲಿ ಒಳಗೆ ಹೋಯಿತು. ಅವಳನ್ನು ಬೈಯುವ ಹಾಗಿಲ್ಲ. ಡಿಫೆಂಡರ್ ಆಗಿದ್ದವಳನ್ನು ನೀನು ಬಿದ್ದ ದಿನವೇ ಗೋಲಿಗೆ ನಿಲ್ಲಿಸಿದ್ದು, ಅಂದಿನಿಂದ ಅಲ್ಲೇ ನಿಂತಿದ್ದಾಳೆ. ಅಸಲು ರೋಗ ಬೇರೆ ಕಡೆ ಇತ್ತು. ಚೆಂಡು ಎಲ್ಲಿದೆಯೋ ಅಲ್ಲಿಗೆ ನಮ್ಮ ಆರು ಜನ ಓಡುತ್ತಿದ್ದರು. ಒಂದೇ ಎಲೆಗೆ ಆರು ಜನ ಸಾರು ಸುರಿದ ಹಾಗೆ, ಉಳಿದ ಮೈದಾನವೆಲ್ಲ ಉಪವಾಸ. ಚೆಂಡು ಕಳೆದುಕೊಂಡವಳು ತಾನೇ ಹಿಂದೆ ಓಡಿ ಕಿತ್ತುಕೊಳ್ಳಲು ಹೋಗುವಳು, ಅವಳು ಬಿಟ್ಟ ಜಾಗದಲ್ಲಿ ಫೆಲ್ಥಮ್‌ನ ಹುಡುಗಿಯರು ರನ್‌ವೇ ಸಿಕ್ಕಿದ ಹಾಗೆ ಹೊರಡುವರು. ಅಮ್ಮ ಪಕ್ಕದಲ್ಲಿ ನಿಂತು "ಪಾಸ್, ಪಾಸ್" ಎಂದು ಕೂಗಿ ಗಂಟಲು ಒಣಗಿಸಿಕೊಂಡಳು. ನಿನ್ನ ಪರೀಕ್ಷೆಗೂ ಅವಳು ಇಷ್ಟು ಪಾಸ್ ಕೇಳಿರಲಿಲ್ಲ.

ವಿರಾಮದಲ್ಲಿ ಕಿತ್ತಳೆ ತೊಳೆ ಹಂಚಿ ಆದ ಮೇಲೆ ಲೋಕೇಶ ಬೋರ್ಡ್ ತೆಗೆದು ಬಾಣ ಗೀಚತೊಡಗಿದ. ಯಾರೂ ನೋಡಲಿಲ್ಲ. ಆಗ ಅವನು ಬೋರ್ಡ್ ಹುಲ್ಲಿನ ಮೇಲೆ ಬಿಸಾಕಿ, "ಸಂಕ್ರಾಂತಿ ಊಟ ನೆನಪಿದೆಯಾ?" ಎಂದ.

ನಿನಗಂತೂ ನೆನಪಿರಲೇಬೇಕು. ಆಪರೇಷನ್ ಆಗಿ ಆರು ವಾರ. ಕನ್ನಡ ಸಂಘದ ಊಟಕ್ಕೆ ಬಡಿಸುವವರು ಕೈಕೊಟ್ಟು, ಇನ್ನೂರೈವತ್ತು ಜನ ಶಾಲೆಯ ಹಾಲಿನಲ್ಲಿ ಎಲೆ ಮುಂದೆ ಕೂತಿದ್ದರು. ಅಡುಗೆಯ ಉಸ್ತುವಾರಿ ಹೊತ್ತಿದ್ದ ಅಮ್ಮ, ನಿನ್ನನ್ನು ನೋಡಲು ಬಂದಿದ್ದ ಇಡೀ ತಂಡದ ಕೈಗೆ ಬಕೆಟ್ಟು ಸೌಟು ಕೊಟ್ಟುಬಿಟ್ಟಳು. ಅರ್ಧ ಜನರಿಗೆ ಕೋಸಂಬರಿ ಯಾವುದು, ಪಲ್ಯ ಯಾವುದು ಎಂದೇ ತಿಳಿಯದು. ನೀನು ಹಾಲಿನ ತುದಿಯಲ್ಲಿ ಕುರ್ಚಿ ಹಾಕಿಕೊಂಡು, ಕಟ್ಟು ಹಾಕಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು, ಊರುಗೋಲು ಆಡಿಸುತ್ತ ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಉಪ್ಪು ಮೊದಲು, ಆಮೇಲೆ ಉಪ್ಪಿನಕಾಯಿ, ಒಬ್ಬರ ಸಾಲಿಗೆ ಇನ್ನೊಬ್ಬರು ನುಗ್ಗಬೇಡಿ. ಒಂದು ಎಲೆ ಬಿಟ್ಟುಹೋದರೆ ಹಿಂದೆ ತಿರುಗಬೇಡಿ, ಹಿಂದೆ ಬರುವವಳು ಬಡಿಸುತ್ತಾಳೆ. ಏನು ತಂದಿದ್ದೀರೋ ಅದರ ಹೆಸರು ದೂರದಿಂದಲೇ ಕೂಗಿ. ಬಕೆಟ್ ಖಾಲಿಯಾದರೆ ನಿಲ್ಲಬೇಡಿ, ನಡೀತಾ ಇರಿ. ಇದನ್ನೆಲ್ಲ ನೀನು ಕಲಿತದ್ದು ಚಿಕ್ಕವಳಿದ್ದಾಗಿನಿಂದ ಅಮ್ಮನ ಹಿಂದೆ ಉಪ್ಪಿನ ಬಟ್ಟಲು ಹಿಡಿದು ಓಡಾಡಿ. ಅವರಿಗೆ ಕಲಿಸಿದ್ದು ಹತ್ತು ನಿಮಿಷದಲ್ಲಿ. ಇನ್ನೂರೈವತ್ತು ಎಲೆ, ಒಂದೂ ತಪ್ಪಲಿಲ್ಲ.

"ಬಕೆಟ್ ಹಿಡ್ಕೊಂಡು ಹೆಂಗೆ ಓಡಾಡಿದ್ರೋ ಹಂಗೆ ಆಡಿ. ಗೌತಮಿ ಅಲ್ಲಿ ಕೂತು ಬೈತಿದಾಳೆ ಅಂದ್ಕೊಳ್ಳಿ" ಎಂದ ಲೋಕೇಶ. ಇಂಗ್ಲಿಷಿನಲ್ಲೇ ಅಂದ, ನಾನು ಅವನ ಬೆಂಗಳೂರು ಕನ್ನಡಕ್ಕೆ ವಾಪಸು ತಂದಿದ್ದೇನೆ.

ಆಮೇಲಿನ ನಲವತ್ತೈದು ನಿಮಿಷವನ್ನು ನೀನು ನೋಡಬೇಕಿತ್ತು. ಒಬ್ಬೊಬ್ಬರು ತಮ್ಮ ತಮ್ಮ ಸಾಲು ಹಿಡಿದರು. ಚೆಂಡು ಕೊಟ್ಟವಳು ಕೊಟ್ಟೆನೆಂದು ನಿಲ್ಲಲಿಲ್ಲ, ಖಾಲಿ ಬಕೆಟ್ಟಿನವಳ ಹಾಗೆ ಮುಂದೆ ಸಾಗಿದಳು. ಆದ್ದರಿಂದ ಚೆಂಡಿದ್ದವಳಿಗೆ ಯಾವಾಗಲೂ ಒಬ್ಬಳು ಸಿಗುತ್ತಿದ್ದಳು. ಕಳೆದುಕೊಂಡರೆ ತಿರುಗಿ ಓಡದೆ ಹಿಂದಿನವಳಿಗೆ ಬಿಟ್ಟರು, ಅವಳು ಅಲ್ಲಿ ನಿಂತೇ ಇರುತ್ತಿದ್ದಳು. ಐವತ್ತೆಂಟನೆಯ ನಿಮಿಷ. ಎಡಗಡೆಯಿಂದ ನಿಖಿತಾ "ಕೋಸಂಬರಿ" ಎಂದು ಕೂಗುತ್ತ ಓಡಿದಳು. ಅವಳ ಅಪ್ಪ ಗುಜರಾತಿ, ಅಮ್ಮ ಮಂಗಳೂರು, ಇಬ್ಬರ ಭಾಷೆಯೂ ಬಾರದು, ಕೋಸಂಬರಿ ಮಾತ್ರ ಸ್ಪಷ್ಟವಾಗಿ ಬರುತ್ತದೆ. ಎದುರಿನವರು ಇದ್ಯಾವ ಸಂಚೋ ಎಂದು ಒಂದು ಕ್ಷಣ ನಿಂತರು. ಅಷ್ಟರಲ್ಲಿ ಚೆಂಡು ನಡುವಿಗೆ ಬಂದು ಅಪೂರ್ವಾಳ ಕಾಲಿಗೆ, ಅಲ್ಲಿಂದ ಬಲೆಗೆ. ಎಂಬತ್ತೊಂದಕ್ಕೆ ಪ್ರತೀಕ್ಷಾ ಚೆಂಡು ಹಿಡಿದವಳೇ "ಅನ್ನ" ಎಂದು ಅರಚಿ ಅರ್ಧ ಮೈದಾನ ದಾಟಿಸಿ ಎಸೆದಳು; ಬಿಸಿ ಅನ್ನದ ಬಕೆಟ್ಟಿಗೆ ಬಿಟ್ಟ ಹಾಗೆ ನಮ್ಮವರೆಲ್ಲ ದಾರಿ ಬಿಟ್ಟರು, ಮತ್ತೆ ಅಪೂರ್ವಾ. ಹೆಸರಿಗೆ ಅಪೂರ್ವಾ, ನಿನ್ನೆ ಎರಡೆರಡು ಸಲ ಸಿಕ್ಕಳು.

ಕೊನೆಯ ಐದು ನಿಮಿಷ ಹಿಂದಿನ ಸಾಲಿನಿಂದ "ಮಜ್ಜಿಗೆ, ಮಜ್ಜಿಗೆ" ಎಂದು ಭಜನೆ. ಊಟ ಮುಗಿಯುತ್ತ ಬಂತು, ಅವಸರ ಬೇಡ, ಚೆಂಡು ಇಟ್ಟುಕೊಳ್ಳಿ ಎಂದರ್ಥ. ಎದುರು ತಂಡದ ಕೋಚ್ ಬಂದು ಲೋಕೇಶನನ್ನು "ವಾಟ್ ಈಸ್ ಮಜ್ಜಿಗೆ?" ಎಂದು ಕೇಳಿದ. "ಡ್ರಿಂಕ್ಸ್ ಬ್ರೇಕ್" ಎಂದ ನಮ್ಮವನು, ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ. ಎಂಬತ್ತೆಂಟರಲ್ಲಿ ಅವರದೊಂದು ಹೊಡೆತ ಕಂಬದ ಬುಡಕ್ಕೆ ಬಂತು, ಪ್ರತೀಕ್ಷಾ ಉದ್ದಕ್ಕೆ ಬಿದ್ದು ಬೆರಳ ತುದಿಯಿಂದ ಹೊರಗೆ ತಳ್ಳಿದಳು. ಬಿಪಿ ಏರಿದ್ದು ಆಗ. ಅಮ್ಮ ನನ್ನ ತೋಳು ಚಿವುಟಿದ ಗುರುತು ಇನ್ನೂ ಇದೆ, ಬೇಕಾದರೆ ಅದನ್ನೂ ಸ್ಕ್ಯಾನ್ ಮಾಡಿಸಿ ಕಳಿಸುತ್ತೇನೆ.

ಪಂದ್ಯ ಮುಗಿದ ಮೇಲೆ ನಾನು ಪ್ರತೀಕ್ಷಾಳಿಗೆ ಶಾಭಾಸ್ ಹೇಳಲು ಹೋದೆ. ಮೈಯೆಲ್ಲ ಕೆಸರು. ಬೆನ್ನ ಮೇಲೆ ಹದಿಮೂರು ನಂಬರ್. ಇಷ್ಟು ತಿಂಗಳಾದರೂ ನಿನ್ನ ಒಂದನೇ ನಂಬರಿನ ಜರ್ಸಿ ಯಾಕೆ ಹಾಕಿಕೊಂಡಿಲ್ಲ ಎಂದು ತಮಾಷೆಗೆ ಕೇಳಿದೆ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ತಡವರಿಸಿ ಕನ್ನಡದಲ್ಲಿ ಹೇಳಿದಳು: "ಅಂಕಲ್, ನಾನು ಬಕೆಟ್ ಹಿಡ್ಕೊಂಡಿದೀನಿ ಅಷ್ಟೇ. ಬಡಿಸೋಳು ಅವಳು. ಯಾವಾಗ ಬರ್ತಾಳೆ?" ಬಕೆಟ್ ಹಿಡಿಯುವುದಕ್ಕೆ ಬೆಂಗಳೂರಿನಲ್ಲಿ ಮಸ್ಕಾ ಹೊಡೆಯುವುದು ಎಂಬ ಅರ್ಥವಿದೆಯೆಂದು ಅವಳಿಗೆ ಗೊತ್ತಿಲ್ಲ, ನೀನು ಹೇಳಬೇಡ. ನಾನು ಛತ್ರಿ ಮಡಿಸಿ ಕಾರಿನ ಕಡೆ ನಡೆದೆ.

ಏಪ್ರಿಲ್ ಆರಕ್ಕೆ ಸೆಮಿಫೈನಲ್. ಅಮ್ಮ ಈ ಸಲ ಕಿತ್ತಳೆಯ ಬದಲು ಮಜ್ಜಿಗೆಯನ್ನೇ ಒಯ್ಯುತ್ತಾಳಂತೆ, ಇಂಗು ಹಾಕಿ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು. ಇಷ್ಟು ಹೊತ್ತು ಓದಿ ಗಂಟಲು ನೋಯುತ್ತಿದ್ದರೆ ಬೆಲ್ಲ ನೀರು ಕೊಡು. ನಿನ್ನ ತಲೆಯ ಮೇಲೆ ನಮ್ಮಿಬ್ಬರ ಕೈ ಸದಾ ಇದೆ, ಇಷ್ಟು ದೂರದಿಂದ ಹೇಗೆ ಎಂದು ಭೂಗೋಳ ತೆಗೆಯಬೇಡ.

ನಿನ್ನ ಅಪ್ಪ,
ಉಮಾಶಂಕರ

ತಾ.ಕ.: ಇಲ್ಲಿಂದ ಮುಂದಿನದನ್ನು ಅತ್ತೆಯ ಕೈಲಿ ಓದಿಸಬೇಡ. ನೀನೇ ಓದಬೇಕೆಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಅಮ್ಮ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ನವೆಂಬರಿನಲ್ಲಿ ನೀನು ಸ್ಕ್ಯಾನಿನ ಸಿಡಿ ನನ್ನ ಕೈಗೆ ಕೊಟ್ಟು, ಕಾರಿನಲ್ಲಿ "ಅಪ್ಪಾ, ಸರ್ಜನ್ ಸಮಾಧಾನ ಹೇಳ್ತಾರೆ, ನೀವು ನಿಜ ಹೇಳಿ" ಎಂದೆ. "ಆಟ ಮುಗೀತು ಅಂತ ತಿಳ್ಕೋ" ಎಂದೆ ನಾನು. ಗೌತಮಿ, ಆ ಸ್ಕ್ಯಾನಿನಲ್ಲಿ ಹಾಗೆ ಏನೂ ಇರಲಿಲ್ಲ. ಲಿಗಮೆಂಟ್ ಹರಿದಿತ್ತು, ಅದು ನಿನಗೂ ಗೊತ್ತು. ಮಿಕ್ಕದ್ದೆಲ್ಲ ಗಟ್ಟಿಯಾಗಿತ್ತು, ನೋಡಿದೆ, ನೋಡಿಯೂ ಹೇಳಲಿಲ್ಲ. ನೀನು ಬಿದ್ದಾಗ ಆ ಟಪ್ ಎಂಬ ಸದ್ದು ಕಾರಿನ ತನಕ ಕೇಳಿಸಿತ್ತು, ಇನ್ನೊಮ್ಮೆ ಕೇಳಲು ನನಗೆ ಧೈರ್ಯವಿರಲಿಲ್ಲ. ನನ್ನ ಹೆದರಿಕೆಯನ್ನು ನಿನ್ನ ಮೊಣಕಾಲಿನ ರೋಗವೆಂದು ಹೇಳಿಬಿಟ್ಟೆ. ಸರ್ಜನ್ ಹೇಳಿದ್ದೇ ನಿಜ: ವ್ಯಾಯಾಮ ಬಿಡದಿದ್ದರೆ ಒಂಬತ್ತು ತಿಂಗಳು, ಹೆಚ್ಚೆಂದರೆ ಒಂದು ವರ್ಷದಲ್ಲಿ ಮತ್ತೆ ಆಡಬಹುದು. ಆಪರೇಷನ್ ಆದ ಡಿಸೆಂಬರಿನಿಂದ ಒಂಬತ್ತು ಎಣಿಸಿದರೆ ಸೆಪ್ಟೆಂಬರ್, ಹೊಸ ಸೀಸನ್ ಶುರುವಾಗುವ ತಿಂಗಳು. ನಿನ್ನೆ ಆ ಸಿಡಿಯನ್ನು ಮತ್ತೆ ಹಾಕಿ, ಯಾರೋ ಗುರುತಿಲ್ಲದ ಹುಡುಗಿಯದೆಂದು ಎಣಿಸಿ ವರದಿ ಬರೆದಿದ್ದೇನೆ. ಲಕೋಟೆಯಲ್ಲಿದೆ, ನಿನ್ನ ಫಿಸಿಯೋಗೆ ತೋರಿಸು. ಆಡುವುದು ಬಿಡುವುದು ನಿನ್ನಿಷ್ಟ, ನನ್ನ ಮಾತಿನ ಮೇಲೆ ಮಾತ್ರ ಬಿಡಬೇಡ. ಮುಗಿದ ಆಟದ ಬೂಟನ್ನು ಯಾರೂ ವಿಮಾನದಲ್ಲಿ ಧಾರವಾಡದ ತನಕ ಹೊತ್ತುಕೊಂಡು ಹೋಗುವುದಿಲ್ಲ ಮಗಳೇ. ಅದನ್ನು ಸಾಲಿಗೆ ಕೊಡಬೇಡ, ಸಾಲಿಯ ಮಕ್ಕಳಿಗೆ ನಾನು ಹೊಸದು ಕಳಿಸುತ್ತೇನೆ. ಬೈಯಬೇಕೆನಿಸಿದರೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡು, ಎಷ್ಟು ಹೊತ್ತಾದರೂ ಬೈ. ನಾನಂತೂ ಫೋನ್ ಇಡುವುದಿಲ್ಲ.