ದೇಜನ್ ನಿಲ್ದಾಣದ ಬಿಸಿ ಶಾವಿಗೆ

ತಂಗಿ ಸುನ್‌ಬೊಕ್,

ನಿನ್ನ ಕಾಲು ಮುರಿದದ್ದಕ್ಕೆ ನಿನ್ನ ಮಗಳ ಸಂಬಂಧ ಮಾತಾಡಲು ನಾನೇ ದೇಜನ್‌ಗೆ ಬಂದೆನಲ್ಲ. ಹುಡುಗ ಇಲ್ಲಿ ಉಪಗ್ರಹ ಮಾಡುತ್ತಾನೆ. ಸಿಯೋಲ್‌ನಿಂದ ಬಂದ ಅವನ ಹೆತ್ತವರು ಹೋಟೆಲಿನಲ್ಲಿ ಎರಡು ಗಂಟೆ ಬಾಯಿ ಬಿಡಲಿಲ್ಲ. ಸಂಬಂಧ ತಪ್ಪಿತೆಂದೇ ಎಣಿಸಿದೆ.

ವಾಪಸು ಬರುವಾಗ ಪ್ಲಾಟ್‌ಫಾರ್ಮಿನಲ್ಲಿ ಬಿಸಿ ಶಾವಿಗೆಯ ವಾಸನೆಗೆ ಸೋತು ನಿಂತೆ. ಪಕ್ಕದಲ್ಲೇ ಹುಡುಗನ ಅಪ್ಪ, ಹೆಂಡತಿಯನ್ನು ಮಗನ ಮನೆಯಲ್ಲೇ ಬಿಟ್ಟು ಬಂದವರು, ಸೊರ್ ಸೊರ್ ಎಂದು ಶಾವಿಗೆ ಎಳೆಯುತ್ತಿದ್ದರು!

“ಹಿಂದೆಲ್ಲ ಇಲ್ಲಿ ಇಂಜಿನ್ ತಿರುಗಿಸೋವರೆಗೂ ರೈಲು ಕಾಯ್ತಿತ್ತು, ಅಷ್ಟರಲ್ಲಿ ಇಳಿದು ಒಂದು ಬಟ್ಟಲು ಶಾವಿಗೆ ಮುಗಿಸ್ತಿದ್ವಿ, ಅಲ್ವೇನ್ರೀ?” ಎಂದೆ.

ಆ ಹಳೇ ಲೆಕ್ಕದಲ್ಲೇ ನಿಧಾನವಾಗಿ ತಿನ್ನುತ್ತಾ ನಿಂತೆವು; ಅವರ ಸಿಯೋಲ್ ರೈಲೂ ನನ್ನ ಬುಸಾನ್ ರೈಲೂ ಹೊರಟುಹೋದವು.

“ರೈಲು ಹೋದ್ರೆ ಹೋಗ್ಲಿ ಬಿಡಿ ಬೀಗರೇ, ಇನ್ನೊಂದು ಬಟ್ಟಲು ಹೇಳ್ಲಾ?” ಎಂದರು.

ಬೀಗರೇ ಎಂದರು ಕಣೇ! ನನ್ನ ಮಂಡಿನೋವೂ ಮರೆತುಹೋಯಿತು. ಗಂಡಿನ ಮನೆಗೆ ನಾವು ಕೊಡಬೇಕಾದ ಮದುವೆಯ ರಜಾಯಿ ಹೊಲಿಯಲು ಕೊಡು. ರೈಲು ಬಂತು, ಇದನ್ನೂ ತಪ್ಪಿಸಿಕೊಳ್ಳಲಾರೆ.

ನಿನ್ನ ಅಣ್ಣ,
ದೊಕ್‌ಮಾನ್